ಮಳೆಗಾಲಕ್ಕೆ ಮನೆ ಜನರೇಟರ್: ಕೊಡಗಿನಲ್ಲಿ ಆರಿಸುವುದು, ಕೂರಿಸುವುದು, ಓಡಿಸುವುದು

ಸಿಲ್ವರ್ ಓಕ್ ಮರವೊಂದು 11 ಕೆವಿ ಲೈನಿನ ಮೇಲೆ ಬಿದ್ದು, ಎರಡು ಕಂಬ ಮುರಿದು, ಹೋಗುವ ದಾರಿಯಲ್ಲೇ ಬರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿದಿದ್ದರೆ ಲೈನ್‌ಮ್ಯಾನ್ ಅಲ್ಲಿಗೆ ತಲುಪುವುದೇ ಮರುದಿನ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಒಳಗಿನ ತೋಟದ ಮನೆಗಳಿಗೆ ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. ಇನ್ವರ್ಟರ್ ಬ್ಯಾಟರಿ ಮೊದಲ ರಾತ್ರಿಗೇ ಮುಗಿಯುತ್ತದೆ, ಆಮೇಲೆ ಜನರೇಟರೇ ಗತಿ. ಆದರೆ ಈ ಯಂತ್ರ ಎರಡು ದಾರಿಯಲ್ಲಿ ಜೀವ ತೆಗೆಯುತ್ತದೆ: ಹೊಗೆ ಮನೆಯೊಳಗೆ ನುಗ್ಗಿದರೆ ಮನೆಯವರದ್ದು, ಕರೆಂಟ್ ಹೊರಗಿನ ಲೈನಿಗೆ ಹತ್ತಿದರೆ ಲೈನ್‌ಮ್ಯಾನ್‌ದು. ಯಾವ ಕಂಪನಿಯದ್ದು ಕೊಳ್ಳಬೇಕು ಎಂಬುದಕ್ಕಿಂತ ಈ ಎರಡು ದಾರಿ ಮುಚ್ಚುವುದು ಮುಖ್ಯ.

ಎಷ್ಟು ಕೆವಿಎ ಬೇಕು

ಜನರೇಟರಿನ ಸಾಮರ್ಥ್ಯವನ್ನು ಕೆವಿಎಯಲ್ಲಿ ಹೇಳುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಕಾಗದದ ಮೇಲೆ ಲೆಕ್ಕ ಹಾಕಿ. 9 ವಾಟ್‌ನ ಹತ್ತು ಎಲ್‌ಇಡಿ ಬಲ್ಬ್ ಸೇರಿ 90 ವಾಟ್. ಟಿವಿ 100, ವೈಫೈ 15, ಮೊಬೈಲ್ ಲ್ಯಾಪ್‌ಟಾಪ್ ಚಾರ್ಜಿಗೆ 100, ಫ್ರಿಜ್ ಓಡುವಾಗ 150ರಿಂದ 200, ಮಿಕ್ಸಿ 750. ಗೀಸರ್ ಒಂದೇ 2,000 ವಾಟ್ ಎಳೆಯುತ್ತದೆ, ಇಂಡಕ್ಷನ್ ಒಲೆಯೂ ಅಷ್ಟೇ. ಸೌದೆ ಉರಿಸುವ ನೀರೊಲೆ ಇರುವ ಮನೆಯಲ್ಲಿ ಇವೆರಡನ್ನೂ ಜನರೇಟರಿನ ಲೆಕ್ಕದಿಂದ ಬಿಟ್ಟುಬಿಡಿ.

ಲೆಕ್ಕ ತಪ್ಪುವುದು ಮೋಟರಿನಲ್ಲಿ. 1 ಎಚ್‌ಪಿ ನೀರಿನ ಪಂಪ್ ಓಡುವಾಗ ಸುಮಾರು 1,100 ವಾಟ್ ತೆಗೆದುಕೊಂಡರೂ, ಶುರುವಾಗುವ ಒಂದೆರಡು ಕ್ಷಣ ಅದರ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕೇಳುತ್ತದೆ. ಅಷ್ಟು ಕೊಡಲಾಗದ ಯಂತ್ರದ ವೋಲ್ಟೇಜ್ ಕುಸಿಯುತ್ತದೆ. ಮೋಟರ್ ತಿರುಗದೆ ಗುಂಯ್ ಎನ್ನುತ್ತಾ ಬಿಸಿಯಾಗಿ ಕೊನೆಗೆ ವೈಂಡಿಂಗ್ ಸುಟ್ಟುಹೋಗುತ್ತದೆ. ಫ್ರಿಜ್ಜಿನ ಕಂಪ್ರೆಸರ್‌ಗೂ ಇದೇ ಗುಣವಿದೆ, ಪ್ರಮಾಣ ಚಿಕ್ಕದು.

ಇನ್ನೊಂದು ಕಡಿತ ನಮ್ಮ ಎತ್ತರದ್ದು. ಗಾಳಿ ತೆಳುವಾದಂತೆ ಎಂಜಿನ್ ಶಕ್ತಿ ಪ್ರತಿ 300 ಮೀಟರ್‌ಗೆ ಸುಮಾರು 3.5 ಶೇಕಡಾ ಇಳಿಯುತ್ತದೆ. ಮಡಿಕೇರಿ 1,100 ಮೀಟರ್‌ಗಿಂತ ಮೇಲಿದೆ, ಅಂದರೆ 13 ಶೇಕಡಾ ಹೋಯಿತು ಎಂದೇ ಇಟ್ಟುಕೊಳ್ಳಿ. 5 ಕೆವಿಎ ಯಂತ್ರವನ್ನು 0.8 ಪವರ್ ಫ್ಯಾಕ್ಟರ್‌ನಿಂದ (ಕೆವಿಎಯಲ್ಲಿ ನಿಜವಾಗಿ ಬಳಕೆಗೆ ಸಿಗುವ ಪಾಲು) ಗುಣಿಸಿದರೆ 4 ಕಿಲೋವಾಟ್. ಮಡಿಕೇರಿಯಲ್ಲಿ ಅದು 3.5 ಕಿಲೋವಾಟ್. 1 ಎಚ್‌ಪಿ ಪಂಪ್ ಶುರುವಾಗಲು 3.3 ಬೇಕು. ಹಾಗಾಗಿ ಪಂಪ್ ಓಡಿಸಲೇಬೇಕಾದ ಮನೆಗೆ 5 ಕೆವಿಎ, ಅದೂ ಪಂಪ್ ಎತ್ತುವಾಗ ಬೇರೆ ದೊಡ್ಡ ಲೋಡ್ ಇಲ್ಲದಂತೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಬರುವ ಮನೆಗೆ 2 ಕೆವಿಎ ಸಾಕು, ಮಿಕ್ಸಿ ತಿರುಗುವ ಐದು ನಿಮಿಷ ಫ್ರಿಜ್ ಆರಿಸಿದರಾಯಿತು. ಎಲ್ಲದಕ್ಕೂ ಇರಲಿ ಎಂದು ದೊಡ್ಡದು ತಂದು ನಾಲ್ಕು ಬಲ್ಬ್ ಉರಿಸುವುದು ಪೆಟ್ರೋಲ್ ಸುಡುವ ಕೆಲಸ. ಬೋರ್‌ವೆಲ್ಲಿನ ಮೂರು ಫೇಸ್ ಮೋಟರನ್ನು ಮನೆಯ ಸಣ್ಣ ಜನರೇಟರಿಗೆ ಕಟ್ಟುವ ಯೋಚನೆಯೇ ಬೇಡ.

ಯಂತ್ರದ ಪ್ಲೇಟ್ ಮೇಲೆ ‘ಮ್ಯಾಕ್ಸಿಮಮ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ಕೆಲವೇ ನಿಮಿಷ ತಡೆಯುವ ಮಿತಿ. ನೀವು ನೋಡಬೇಕಾದ್ದು ‘ರೇಟೆಡ್’ ಅಂಕಿ.

ವರ್ಷಕ್ಕೆ ಹತ್ತು ಹದಿನೈದು ದಿನ ಓಡಿಸುವ ಮನೆಗೆ ಪೆಟ್ರೋಲ್ ಯಂತ್ರ ಸರಿ. ಇನ್ವರ್ಟರ್ ಮಾದರಿಯದಾದರೆ ಲೋಡಿಗೆ ತಕ್ಕಂತೆ ಎಂಜಿನ್ ವೇಗ ಇಳಿಯುತ್ತದೆ, ಸದ್ದೂ ಕಡಿಮೆ, ಲ್ಯಾಪ್‌ಟಾಪ್‌ಗೂ ಒಳ್ಳೆಯದು. ಹೋಂಸ್ಟೇ ಇರುವವರಿಗೆ, ದಿನವಿಡೀ ಓಡಿಸುವವರಿಗೆ 1,500 ಆರ್‌ಪಿಎಂನ ಸೈಲೆಂಟ್ ಡೀಸೆಲ್ ಬಾಳಿಕೆ ಬರುತ್ತದೆ. ಹೊಸ ಡೀಸೆಲ್ ಸೆಟ್ ಕೊಳ್ಳುವಾಗ 2023ರ ಜುಲೈ 1ರಿಂದ ಜಾರಿಗೆ ಬಂದ ಸಿಪಿಸಿಬಿ 4+ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ) ಗುರುತು ಇದೆಯೇ ನೋಡಿ. ಡೀಸೆಲನ್ನು 30 ಶೇಕಡಾಕ್ಕಿಂತ ಕಡಿಮೆ ಲೋಡಿನಲ್ಲಿ ಗಂಟೆಗಟ್ಟಲೆ ಓಡಿಸಬೇಡಿ. ಪೂರ್ತಿ ಉರಿಯದ ಇಂಧನ ಸೈಲೆನ್ಸರಿನಿಂದ ಕಪ್ಪು ಜಿಡ್ಡಾಗಿ ಸೋರತೊಡಗುತ್ತದೆ.

ಎಲ್ಲಿ ಇಡಬೇಕು

ಮಳೆ ಜೋರಾದಾಗ ಯಂತ್ರವನ್ನು ಜಗಲಿಗೋ ಸ್ಟೋರ್ ರೂಮಿಗೋ ಎಳೆದು ತರುತ್ತಾರೆ. ಸಾವು ಆಗುವುದು ಹೀಗೆಯೇ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಅದು ತುಂಬಿಕೊಂಡರೆ ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಒಂದು ಬಾಗಿಲು ತೆರೆದಿಟ್ಟರೆ ಸಾಲದು, ಫ್ಯಾನ್ ಹಾಕಿದರೂ ಸಾಲದು. ಯಂತ್ರ ಬಾಗಿಲು, ಕಿಟಕಿ, ಗವಾಕ್ಷಿಗಳಿಂದ ಕನಿಷ್ಠ 6 ಮೀಟರ್, ಅಂದರೆ 20 ಅಡಿ ದೂರ ಇರಲಿ. ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಹಾಕಿರಲಿ. ಕೆಲಸದವರ ಲೈನ್ ಮನೆ ಪಕ್ಕದಲ್ಲಿದ್ದರೆ ಆ ಕಿಟಕಿಗಳಿಗೂ ಇದೇ ಅಳತೆ. ಮಲಗುವ ಕೋಣೆಯ ಬಳಿ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇರಲಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಎಲ್ಲರನ್ನೂ ಹೊರಗೆ ಕರೆತನ್ನಿ, ಯಂತ್ರ ನಿಲ್ಲಿಸುವುದು ಆಮೇಲೆ. ನಂತರ ತಡಮಾಡದೆ ಆಸ್ಪತ್ರೆಗೆ.

ದೂರ ಇಟ್ಟ ಮೇಲೆ ಮಳೆಯಿಂದ ಕಾಪಾಡಬೇಕಲ್ಲ. ನೆಲದಿಂದ 15 ಸೆಂಟಿಮೀಟರ್ ಎತ್ತರದ ಕಾಂಕ್ರೀಟ್ ಕಟ್ಟೆ, ಮೇಲೆ ಎತ್ತರದ ಶೀಟ್ ಮಾಡು. ಇಲ್ಲಿನ ಮಳೆ ಓರೆಯಾಗಿ ನೈಋತ್ಯದಿಂದ ಬೀಸುವುದರಿಂದ ಆ ಒಂದು ಬದಿ ಮಾತ್ರ ಮುಚ್ಚಿ ಉಳಿದ ಮೂರು ಬದಿ ತೆರೆದಿಡಿ. ಯಂತ್ರದ ಸುತ್ತ ಒಂದು ಮೀಟರ್ ಜಾಗ ಬೇಕು. ಓಡುವ ಯಂತ್ರಕ್ಕೆ ಟಾರ್ಪಾಲ್ ಹೊದಿಸಿದರೆ ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ಟಾರ್ಪಾಲಿಗೇ ಬೆಂಕಿ ಹಿಡಿಯುತ್ತದೆ. ಜೆಸಿಬಿಯಲ್ಲಿ ಕಡಿದ ಬರೆಯ ಬುಡದಲ್ಲಿ ಕಟ್ಟೆ ಕಟ್ಟಬೇಡಿ. ಕಟ್ಟೆ ಮಟ್ಟವಾಗಿಯೂ ಇರಬೇಕು: ಇಳಿಜಾರಿನಲ್ಲಿಟ್ಟರೆ ಆಯಿಲ್ ಒಂದು ಕಡೆ ಸರಿದು, ಆಯಿಲ್ ಸೆನ್ಸರ್ ಕಡಿಮೆಯಿದೆ ಎಂದುಕೊಂಡು ಎಂಜಿನ್ ನಿಲ್ಲಿಸುತ್ತದೆ. ಯಂತ್ರ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಮಟ್ಟ ನೋಡಿ.

ಮನೆಯ ವೈರಿಂಗಿಗೆ ಸೇರಿಸುವುದು

ಎರಡೂ ತುದಿಗೆ ಪ್ಲಗ್ ಟಾಪ್ ಹಾಕಿದ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟ್ ಕೊಡುವ ಅಭ್ಯಾಸ ಬಹಳ ಕಡೆ ಇದೆ. ದಯವಿಟ್ಟು ಇವತ್ತೇ ಆ ವೈರ್ ಕತ್ತರಿಸಿ ಹಾಕಿ. ಹಾಗೆ ಕೊಟ್ಟ 230 ವೋಲ್ಟ್ ಮೀಟರ್ ದಾಟಿ ಟ್ರಾನ್ಸ್‌ಫಾರ್ಮರ್ ತಲುಪಿದರೆ ಅದು ಉಲ್ಟಾ ಕೆಲಸ ಮಾಡಿ 11 ಕೆವಿ ಲೈನಿನಲ್ಲಿ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ಊರಿನ ಲೋಡೆಲ್ಲ ಬಿದ್ದು ಸಣ್ಣ ಯಂತ್ರ ತಾನೇ ನಿಲ್ಲುತ್ತದೆ ಎಂದು ನಂಬಬೇಡಿ. ತಂತಿ ನಿಮ್ಮ ಮನೆ ಹತ್ತಿರವೇ ತುಂಡಾಗಿದ್ದರೆ ಊರಿನ ಲೋಡ್ ಆಗಲೇ ಕಳಚಿರುತ್ತದೆ, ಅದೇ ತುಂಡು ತಂತಿಯನ್ನು ಲೈನ್‌ಮ್ಯಾನ್ ಕೈಯಲ್ಲಿ ಹಿಡಿದಿರುತ್ತಾರೆ. ಮೇನ್ ಸ್ವಿಚ್ ಆರಿಸಿಕೊಂಡೇ ಕೊಡುತ್ತೇವೆ ಎಂಬ ಮಾತೂ ಬೇಡ. ಒಂದು ರಾತ್ರಿ ಯಾರೋ ಒಬ್ಬರು ಮರೆತರೆ ಆಯಿತು.

ಸರಿಯಾದ ದಾರಿ ಚೇಂಜ್ ಓವರ್ ಸ್ವಿಚ್. ಲೈನ್, ಆಫ್, ಜನರೇಟರ್ ಎಂಬ ಮೂರು ಸ್ಥಾನವಿರುವ ಇದರಲ್ಲಿ ಎರಡು ಮೂಲ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಸಿಂಗಲ್ ಫೇಸ್ ಮನೆಗೆ ಡಬಲ್ ಪೋಲ್, ಮೂರು ಫೇಸ್ ಪೂರ್ತಿ ಬದಲಿಸುವುದಾದರೆ ಫೋರ್ ಪೋಲ್. ನ್ಯೂಟ್ರಲ್ ಕೂಡ ಬದಲಾಗಬೇಕು. ಸ್ವಿಚ್ಚಿನ ಆಂಪಿಯರ್ ಮನೆಯ ಮೇನ್‌ಗಿಂತ ಕಡಿಮೆ ಇರಬಾರದು, ಸಾಮಾನ್ಯವಾಗಿ 40 ಅಥವಾ 63. ಮೀಟರ್ ಮತ್ತು ಮೇನ್ ಆದ ಮೇಲೆ, ಡಿಬಿಗೆ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಮುಂಚೆ ಅದರ ಜಾಗ. ವಿದ್ಯುತ್ ಕಂಪನಿ ಸೆಸ್ಕ್‌ನ ಸೀಲ್ ಮುಟ್ಟುವಂತಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಮೂರು ಫೇಸ್ ಮನೆಗೆ ಸಿಂಗಲ್ ಫೇಸ್ ಜನರೇಟರ್ ಹಾಕುವಾಗ ಮೂರು ಫೇಸನ್ನೂ ಒಂದಕ್ಕೊಂದು ಸೇರಿಸಿ (ಲೂಪ್ ಮಾಡಿ) ಕೊಡುವವರಿದ್ದಾರೆ. ಆಗ ಮೂರೂ ಫೇಸಿನ ಕರೆಂಟ್ ಒಂದೇ ನ್ಯೂಟ್ರಲ್ ತಂತಿಯಲ್ಲಿ ಕೂಡಿಕೊಂಡು ಅದು ಬಿಸಿಯಾಗುತ್ತದೆ. ಬದಲಿಗೆ ದೀಪ, ಫ್ರಿಜ್, ವೈಫೈ, ಪಂಪ್ ಇಷ್ಟನ್ನೇ ಒಂದು ಚಿಕ್ಕ ಡಿಬಿಗೆ ಬೇರ್ಪಡಿಸಿ, ಅದಕ್ಕೆ ಮಾತ್ರ ಚೇಂಜ್ ಓವರ್ ಕೊಡಿಸಿ.

ಹೊರಗಿನ ಗೋಡೆಗೆ ನೀರು ತಡೆಯುವ 32 ಆಂಪಿಯರ್ ಇಂಡಸ್ಟ್ರಿಯಲ್ ಇನ್‌ಲೆಟ್, ಅಲ್ಲಿಂದ ಯಂತ್ರಕ್ಕೆ ಮೂರು ಕೋರಿನ ರಬ್ಬರ್ ಕೇಬಲ್. 2 ಕೆವಿಎಗೆ 2.5 ಚದರ ಮಿಲಿಮೀಟರ್ ತಾಮ್ರ. 5 ಕೆವಿಎ ಅಂದರೆ 22 ಆಂಪಿಯರ್, 4 ನಡೆಯುತ್ತದೆ, 15 ಮೀಟರ್ ದಾಟಿದರೆ 6 ಹಾಕಿ. ಯಂತ್ರದ ಹತ್ತಿರ ಅದಕ್ಕೇ ಪ್ರತ್ಯೇಕ ಅರ್ತ್: 2.5 ಮೀಟರ್ ಉದ್ದದ ಜಿಐ ಪೈಪ್. ಒಂದು ಸೂಕ್ಷ್ಮವಿದೆ. ಬಹಳಷ್ಟು ಸಣ್ಣ ಯಂತ್ರಗಳಲ್ಲಿ ನ್ಯೂಟ್ರಲ್ ಅರ್ತ್‌ಗೆ ಸೇರಿರುವುದಿಲ್ಲ. ಹಾಗಿದ್ದರೆ ನಿಮ್ಮ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಜನರೇಟರ್ ಕರೆಂಟಿನಲ್ಲಿ ಶಾಕ್ ಹೊಡೆದರೂ ಟ್ರಿಪ್ ಆಗದಿರಬಹುದು. ಕೈಪಿಡಿ ನೋಡಿ, ಯಂತ್ರದ ಬಳಿ ಒಂದೇ ಜಾಗದಲ್ಲಿ ನ್ಯೂಟ್ರಲ್ ಅರ್ತ್ ಸೇರಿಸಬೇಕೇ ಎಂದು ಎಲೆಕ್ಟ್ರಿಷಿಯನ್ ತೀರ್ಮಾನಿಸಲಿ. ಕೆಲಸ ಮುಗಿದ ದಿನ ಜನರೇಟರ್ ಓಡುವಾಗಲೇ ಟೆಸ್ಟರ್ ಇಟ್ಟು ಆರ್‌ಸಿಸಿಬಿ ಬೀಳುತ್ತದೆಯೇ ತೋರಿಸಲು ಹೇಳಿ.

ಓಡಿಸುವಾಗ

ಚೇಂಜ್ ಓವರ್ ಸ್ವಿಚ್ ಆಫ್ ಸ್ಥಾನದಲ್ಲಿಟ್ಟು ಯಂತ್ರ ಶುರುಮಾಡಿ, ಮೂರು ನಿಮಿಷ ಬೆಚ್ಚಗಾಗಲಿ. ಆಮೇಲೆ ಜನರೇಟರ್ ಕಡೆ ತಿರುಗಿಸಿ. ಮೊದಲು ಪಂಪ್, ಅದು ವೇಗ ಹಿಡಿದ ಮೇಲೆ ಫ್ರಿಜ್, ಕೊನೆಗೆ ದೀಪ. ನಿಲ್ಲಿಸುವಾಗ ಉಲ್ಟಾ: ಲೋಡ್ ತೆಗೆದು ಮೂರು ನಿಮಿಷ ಖಾಲಿ ಓಡಿಸಿ, ಆರಿಸಿ, ಪೆಟ್ರೋಲ್ ಕಾಕ್ ಮುಚ್ಚಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿ ಆ ಹೊತ್ತಿನಲ್ಲೇ ಟ್ಯಾಂಕಿಗೆ ನೀರು ತುಂಬಿಸಿ ಇನ್ವರ್ಟರ್ ಚಾರ್ಜ್ ಮಾಡಿಕೊಂಡರೆ ರಾತ್ರಿಗೆ ಬ್ಯಾಟರಿಯೇ ಸಾಕಾಗುತ್ತದೆ. ಜನರೇಟರ್ ಕರೆಂಟನ್ನು ಇನ್ವರ್ಟರ್ ತೆಗೆದುಕೊಳ್ಳದಿದ್ದರೆ ಅದರ ಹಿಂಬದಿಯ ಸ್ವಿಚ್ ‘ಯುಪಿಎಸ್’ ಮೋಡಿನಲ್ಲಿರಬಹುದು, ‘ನಾರ್ಮಲ್’ಗೆ ಹಾಕಿ.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕಬೇಡಿ, ಕಾಲು ಗಂಟೆ ಕಾಯಿರಿ. ಲೈಸೆನ್ಸ್ ಇಲ್ಲದೆ ಮನೆಯಲ್ಲಿಡಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ, ಅದೂ ಬಿಗಿ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಒಲೆಯಿಂದ ದೂರ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನಮ್ಮ ಮಳೆಗಾಲದ ತೇವವನ್ನು ಹೀರುತ್ತದೆ. ತಿಂಗಳು ಮೀರಿ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಬೇರ್ಪಟ್ಟು ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಬೇಕಾದ ದಿನವೇ ಹಗ್ಗ ಎಳೆದೆಳೆದು ಕೈ ಸೋಲಲು ಕಾರಣ ಬಹುತೇಕ ಇದೇ.

ಹೊಸ ಯಂತ್ರದ ಮೊದಲ ಆಯಿಲ್ 20 ಗಂಟೆಗೆ ಬದಲಿಸಿ, ನಂತರ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ. ಮೇ ಕೊನೆಯಲ್ಲಿ ಹೊಸ ಪೆಟ್ರೋಲ್ ಹಾಕಿ ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ನೋಡಿ. ಮಳೆ ಹಿಂದೆ ಸರಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಒಣಗಿಸಿ. ಯಂತ್ರ ತಣ್ಣಗಾದ ಬಳಿಕ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಮುಂದಿನ ಬಾರಿ ಶುರುಮಾಡುವಾಗ ಆ ಬಟ್ಟೆ ತೆಗೆಯಲು ನೆನಪಾಗುವಂತೆ ಕೆಂಪು ಬಣ್ಣದ್ದನ್ನೇ ಬಳಸಿ, ಒಂದು ತುದಿ ಹೊರಗೆ ನೇತಾಡುತ್ತಿರಲಿ.