ಕೆತ್ತನೆಯ ವಿಂಚೆಸ್ಟರ್ ಮತ್ತು ಒಂದು ಖಾಲಿ ಸಾಲು

ಕೊಲೊರಾಡೋದ ಪಶ್ಚಿಮ ಭಾಗದಲ್ಲಿ ತಲೆಮಾರುಗಳಿಂದ ದನದ ರಾಂಚ್ ನಡೆಸಿಕೊಂಡು ಬಂದ ಕುಟುಂಬವೊಂದರ ಹಿರಿಯ ಮಹಿಳೆಯಿಂದ ನಾನು ವಿಂಚೆಸ್ಟರ್ 1873 ಮಾದರಿಯ, ಅಂದರೆ ಟ್ರಿಗರ್ ಸುತ್ತಲಿನ ಲಿವರನ್ನು ಕೆಳಗೆಳೆದು ತೋಟಾ ಏರಿಸುವ, ಲಿವರ್ ಆಕ್ಷನ್ ರೈಫಲ್ ಕೊಂಡಾಗ, ಅದರ ಜೊತೆಗೆ ಒಂದು ಕಥೆಯೂ ಬಂದಿತು. ಕೊಲೊರಾಡೋ ರಾಜ್ಯವೆನಿಸಿಕೊಂಡ 1876ರಲ್ಲೇ ಅವರ ಮುತ್ತಜ್ಜ ಅದನ್ನು ನೇರವಾಗಿ ಕಾರ್ಖಾನೆಯಿಂದ ತರಿಸಿದ್ದರಂತೆ. ಮಡಿಕೇರಿಯಲ್ಲಿ ಬೆಳೆದ ನನಗೆ ಇಂಥ ಕಥೆಗಳು ಹೊಸವಲ್ಲ. ಕೈಲ್ ಪೊಳ್ದ್ ಹಬ್ಬದಂದು ಹೂವಿಟ್ಟು ಪೂಜಿಸುವ ಕೋವಿಗಳಿಗೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ವಂಶಾವಳಿಯೇ ಇರುತ್ತದೆ. ಆದರೆ ಈ ಕೋವಿಯಲ್ಲಿ ತೋಟಾವನ್ನು ಮೇಲಕ್ಕೆತ್ತುವ ಹಿತ್ತಾಳೆಯ ತುಂಡಿನ ತಳದಲ್ಲಿ ತೋಟಾದ ಅಳತೆ ಹೇಳುವ 32 ಎಂಬ ಅಂಕಿ ಒತ್ತಿತ್ತು, ಮತ್ತು .32-20 ತೋಟಾವನ್ನು ಕಂಪನಿಯು ಈ ಮಾದರಿಗೆ ಸೇರಿಸಿದ್ದು 1882ರಲ್ಲಿ. ಆರು ವರ್ಷಗಳ ವ್ಯತ್ಯಾಸ ಅಲ್ಲಿಯೇ ಕಾಣಿಸಿತು.

ಕಥೆಗಿಂತ ಮೊದಲು ಕೆತ್ತನೆಯನ್ನು ಪರೀಕ್ಷಿಸುವುದು ಅಗತ್ಯವಾಗಿತ್ತು. ಸುಮಾರು 7,20,000ದಷ್ಟು ತಯಾರಾದ ಈ ಮಾದರಿಯಲ್ಲಿ ಕಾರ್ಖಾನೆಯಲ್ಲೇ ಕೆತ್ತಿಸಿಕೊಂಡವು ಬಹಳ ವಿರಳವಾದ್ದರಿಂದ, ಸಾದಾ ಕೋವಿಗೆ ಆಮೇಲೆ ಚಿತ್ತಾರ ಕೆತ್ತಿ ಹೆಚ್ಚಿನ ಬೆಲೆಗೆ ಮಾರುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ವಿಂಚೆಸ್ಟರ್ ಕಂಪನಿಯ ನ್ಯೂ ಹೇವನ್ ಕಾರ್ಖಾನೆಯಲ್ಲಿ ಕಬ್ಬಿಣದ ಒಡಲಿಗೆ ಬಣ್ಣ ಕೊಡುವ ಮೊದಲೇ ಉಳಿಯ ಕೆಲಸ ಮುಗಿಯುತ್ತಿತ್ತು. ಹಾಗಾಗಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನಾನು ಮೊದಲು ಹುಡುಕಿದ್ದು ಗೀರುಗಳ ತಳದಲ್ಲಿ ಉಳಿದಿರಬಹುದಾದ ಹಳೆಯ ಬಣ್ಣವನ್ನು. ಬಲಬದಿಯ ತಟ್ಟೆಯ ಮೇಲಿನ ಕಡವೆಯಂಥ ಪ್ರಾಣಿಯ ಕೊರಳ ಕೆಳಗೆ, ಕೈ ತಾಗದ ಮೂಲೆಯಲ್ಲಿ, ಅದು ಕಾಣಿಸಿತು. ಅಂಗೈ ಹೆಚ್ಚು ತಾಗುವ ಕಡೆ ಬಳ್ಳಿಯ ಎಲೆಗಳು ಸವೆದು ಮಸುಕಾಗಿದ್ದವು, ಅಂಚುಗಳಲ್ಲಿ ಚೂಪಾಗಿಯೇ ಇದ್ದವು. ಸವೆದ ಕಬ್ಬಿಣದ ಮೇಲೆ ಚೂಪಾದ ಕೆತ್ತನೆ ಕಂಡಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ. ಕಾರ್ಖಾನೆಯ ಹೆಸರಾಂತ ಕೆತ್ತನೆಗಾರರಾದ ಜಾನ್ ಉಲ್ರಿಚ್, ಕಾನ್ರಾಡ್ ಉಲ್ರಿಚ್ ಸಹೋದರರು ಸಹಿ ಹಾಕಿದಾಗ ಅದು ಸಾಮಾನ್ಯವಾಗಿ ಟ್ರಿಗರ್ ಹಿಂದೆ, ಲಿವರ್ ಮುಚ್ಚುವ ಜಾಗದಲ್ಲಿ ಸಿಗುತ್ತದೆ. ನನ್ನದರಲ್ಲಿ ಸಹಿ ಇಲ್ಲ. ಮರದ ಹಿಡಿಯನ್ನು ಬಿಚ್ಚಿದಾಗ ಮರದೊಳಗೆ, ಲೋಹದ ಮೇಲೆ ಮತ್ತು ಹಿಂಬದಿಯ ತಟ್ಟೆಯ ಒಳಗೆ ಒಂದೇ ಜೋಡಣೆಯ ಸಂಖ್ಯೆ ಸಿಕ್ಕಿದ್ದು ಸಹಿಗಿಂತ ಹೆಚ್ಚಿನ ಸಮಾಧಾನ ಕೊಟ್ಟಿತು.

ಒಂದು ತಪ್ಪನ್ನೂ ಇಲ್ಲಿ ಹೇಳಿಬಿಡುತ್ತೇನೆ. ಮೊದಲ ವಾರದಲ್ಲೇ ಕೊಳೆಯೆಂದು ಭಾವಿಸಿ ಎಡಬದಿಯ ತಟ್ಟೆಯ ಒಂದು ಮೂಲೆಯನ್ನು ಉಕ್ಕಿನ ನಾರಿನಿಂದ ಉಜ್ಜಿದೆ. ನೂರು ವರ್ಷಕ್ಕೂ ಮೀರಿ ಕೂತಿದ್ದ ಕಂದು ಬಣ್ಣ ಎರಡೇ ನಿಮಿಷಗಳಲ್ಲಿ ಹೋಯಿತು. ಎಂಟಾಣೆಯಗಲದ ಆ ಬಿಳಿಚಿದ ಕಲೆ ಈಗಲೂ ಎಲ್ಲರಿಗಿಂತ ಮೊದಲು ನನಗೇ ಕಾಣುತ್ತದೆ.

ಬಳಿಕ ವಯೋಮಿಂಗ್‌ನ ಕೋಡಿ ಪಟ್ಟಣದಲ್ಲಿರುವ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂಗೆ ಶುಲ್ಕ ಕಟ್ಟಿ ಬರೆದೆ. ವಿಂಚೆಸ್ಟರ್‌ನ ಮೂಲ ದಾಖಲೆಪುಸ್ತಕಗಳು ಅಲ್ಲಿವೆ; ಕೋವಿಯ ಕ್ರಮಸಂಖ್ಯೆ ಕೊಟ್ಟರೆ ಅದರ ಸಾಲಿನಲ್ಲಿ ಇರುವುದನ್ನು ಪತ್ರದ ರೂಪದಲ್ಲಿ ಕಳಿಸುತ್ತಾರೆ. ಎಂಟುಮುಖದ ನಳಿಗೆ, ಗೋದಾಮಿಗೆ ಬಂದ ದಿನ, ಹೊರಟ ದಿನ, ಆರ್ಡರ್ ಸಂಖ್ಯೆ ಎಲ್ಲವೂ ಬಂದವು. ಕೆತ್ತನೆಯ ಬಗ್ಗೆ ಇದ್ದುದು ಒಂದೇ ಪದ, ಆದರೆ ನಾನು ಕಾದಿದ್ದು ಆ ಪದಕ್ಕಾಗಿಯೇ. ಕೊಂಡವರ ಹೆಸರನ್ನು ಮಾತ್ರ ಆ ಸಾಲು ಹೇಳುವುದಿಲ್ಲ. ಪತ್ರವು ಕೋವಿಯ ಜಾತಕವೇ ಹೊರತು ಮಾಲೀಕರ ಪಟ್ಟಿಯಲ್ಲ ಎಂಬುದನ್ನು ಹೊಸದಾಗಿ ಸಂಗ್ರಹಕ್ಕೆ ಇಳಿದವರು ಮರೆಯುತ್ತಾರೆ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾನೂನು 1898ರವರೆಗೆ ತಯಾರಾದ ಕೋವಿಗಳನ್ನು ಪುರಾತನ ವಸ್ತುಗಳೆಂದು ಬೇರೆಯಾಗಿ ಇಟ್ಟಿರುವುದರಿಂದ, ಇವು ಕೈ ಬದಲಾಯಿಸುವಾಗ ಒಕ್ಕೂಟದ ಕಾನೂನಿನಡಿ ಕಾಗದಪತ್ರ ಹುಟ್ಟಲೇಬೇಕೆಂದೂ ಇಲ್ಲ.

ಮಾಲೀಕರ ಜಾಡಿಗಾಗಿ ಆ ಹಿರಿಯ ಮಹಿಳೆಯ ಅಡುಗೆಮನೆಯ ಮೇಜಿಗೇ ಮರಳಿ ಹೋದೆ. ಅವರು ಕಣ್ಣಾರೆ ಕಂಡದ್ದನ್ನು ಒಂದು ಹಾಳೆಯಲ್ಲೂ ಕೇಳಿದ್ದನ್ನು ಇನ್ನೊಂದು ಹಾಳೆಯಲ್ಲೂ ಬರೆಸಿ, ಎರಡಕ್ಕೂ ನೋಟರಿಯ ಮುಂದೆ ಸಹಿ ಪಡೆದೆ. ಮೊದಲ ಹಾಳೆಯಲ್ಲಿ ನಾಲ್ಕೇ ಸಾಲುಗಳು: ಅಜ್ಜನ ಕೋಣೆಯ ಬಾಗಿಲ ಮೇಲೆ ಅದು ತೂಗುತ್ತಿತ್ತು, ಅಜ್ಜನ ನಂತರ ತಂದೆಗೆ ಬಂತು, ತಂದೆ ಅದರಿಂದ ಒಮ್ಮೆಯೂ ಗುಂಡು ಹಾರಿಸಲಿಲ್ಲ, ಕೊನೆಗೆ ತಮ್ಮ ಪಾಲಿಗೆ ಬಂತು. ಕೌಂಟಿ ನ್ಯಾಯಾಲಯದ ಆಸ್ತಿಪಟ್ಟಿಯಲ್ಲಿ ಮುತ್ತಜ್ಜನ ಹೆಸರಿನಡಿ ‘ಒಂದು ವಿಂಚೆಸ್ಟರ್’ ಎಂದಿತ್ತು, ಸಂಖ್ಯೆ ಇರಲಿಲ್ಲ. ಕೊಲೊರಾಡೋದಲ್ಲಿ 1885ರಲ್ಲಿ ನಡೆದ ವಿಶೇಷ ಜನಗಣತಿಯಲ್ಲಿ ಆ ಕುಟುಂಬ ಇರಲಿಲ್ಲ, 1900ರ ಗಣತಿಯಲ್ಲಿ ಇತ್ತು. ನಡುವಿನ 1890ರ ಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್‌ನ ಬೆಂಕಿಗೆ ಸಿಕ್ಕಿ ಬಹುಪಾಲು ಹಾಳಾದವು.

ಉಳಿದದ್ದು ಎಡತಟ್ಟೆಯ ಅಂಡಾಕಾರದ ಚೌಕಟ್ಟಿನೊಳಗಿನ ಎರಡು ಅಕ್ಷರಗಳು, ಜೆ ಮತ್ತು ಎಚ್. ಮುತ್ತಜ್ಜನ ಹೆಸರು ಅದಲ್ಲ. ಬಳ್ಳಿಯ ಗೀರುಗಳಿಗಿಂತ ಆಳ ಕಡಿಮೆಯಿರುವ ಈ ಅಕ್ಷರಗಳು ಬೇರೊಬ್ಬರ ಕೈಯವು, ಬಹುಶಃ ಊರಿನ ಯಾವನೋ ಚಿನ್ನಬೆಳ್ಳಿ ಕೆಲಸದವನವು. ಆ ಅಕ್ಷರಗಳಿಗೆ ಹೊಂದುವ ಹೆಸರಿನ ಶೆರಿಫ್ ಒಬ್ಬನನ್ನು ಹುಡುಕಿ ಜೋಡಿಸಿದರೆ ಬೆಲೆ ದುಪ್ಪಟ್ಟಾಗುತ್ತದೆಂದು ವ್ಯಾಪಾರಿಯೊಬ್ಬರು ನನಗೆ ಗಂಭೀರವಾಗಿಯೇ ಸಲಹೆ ಕೊಟ್ಟರು. ಈ ಕೋವಿಗಾಗಿ ನಾನು ಇಟ್ಟಿರುವ ಕಡತದ ಮಾಲೀಕರ ಪುಟದಲ್ಲಿ ಕಾರ್ಖಾನೆಗೂ ಮುತ್ತಜ್ಜನಿಗೂ ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅದರ ಅಂಚಿನಲ್ಲಿ ಆ ಎರಡು ಅಕ್ಷರಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ.