ದೊಡ್ಡಪ್ಪನ ರಾತ್ರಿ ಶಾಲೆಯ ಫೋಟೋ ತೆಗೆದದ್ದು

ದೊಡ್ಡಪ್ಪ 1964ರಲ್ಲಿ ಕುಂದಾಪುರದಿಂದ ಮುಂಬೈಗೆ ಬಂದರು. ಹಗಲು ಅಲ್ಲಿನ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ಶಾಲೆ. ಕರಾವಳಿಯಿಂದ ಬಂದ ಎಷ್ಟೋ ಹೋಟೆಲ್ ಹುಡುಗರು ಮೆಟ್ರಿಕ್ ಮುಗಿಸಿದ್ದು ಹೀಗೇ. ದೊಡ್ಡಪ್ಪ ಓದಿದ ಕಟ್ಟಡಕ್ಕೆ ಈಗ ಬೀಗ ಬಿದ್ದಿದೆ. ಕಟ್ಟಡ ಕುಸಿದು ಬೀಳುವ ಮೊದಲು ಫೋಟೋ ತೆಗೆದಿಡಬೇಕು ಅಂತ ನನಗೆ ಆಸೆ.

ಮೊದಲ ಸಲ ತಪ್ಪು ಮಾಡಿದೆ. ಹಿಂದಿನ ಮುರಿದ ಗೇಟಿನಿಂದ ಸುಮ್ನೆ ನುಗ್ಗಿದೆ. ಒಬ್ಬನೇ, ಯಾರಿಗೂ ಹೇಳದೆ. ಮೊದಲ ಮಹಡಿಯಲ್ಲಿ ಹಲಗೆ ಮುರಿದು ಮೊಣಕಾಲಿನ ತನಕ ಕಾಲು ಇಳಿಯಿತು. ಮೇಲೆ ಗಟ್ಟಿಯಾಗಿ ಕಂಡ ಹಲಗೆಯನ್ನು ಒಳಗಿಂದ ಗೆದ್ದಲು ತಿಂದಿತ್ತು. ಈಗ ಮೊಳೆಗಳ ಸಾಲು ನೋಡಿಕೊಂಡೇ ನಡೆಯುತ್ತೇನೆ, ಯಾಕೆಂದರೆ ಅದರ ಕೆಳಗೆ ತೊಲೆ ಇರುತ್ತದೆ. ಗೋಡೆಯಲ್ಲಿ ಒದ್ದೆ ಕಲೆ ಇರುವ ಕಡೆ ಹೋಗುವುದೇ ಇಲ್ಲ. ಮಳೆ ನೀರು ಇಳಿದಲ್ಲಿ ತೊಲೆಯ ತುದಿ ಗೋಡೆಯೊಳಗೇ ಕೊಳೆತಿರುತ್ತದೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದಕ್ಕೇ ಎನ್‌95 ಮಾಸ್ಕ್ ಬೇಕೇ ಬೇಕು.

ಎರಡನೇ ಸಲ ಅನುಮತಿ ಪತ್ರ ತಗೊಂಡೆ. ಅದಕ್ಕೆ ಮೂರು ವಾರ ಓಡಾಡಿದೆ. ಜೊತೆಗೆ ಒಬ್ಬ ಗೆಳೆಯ, ಮುಂದೆ ವಾಚ್‌ಮನ್. ಯಾವ ಮೆಟ್ಟಿಲು ಅಲುಗಾಡುತ್ತದೆ ಅಂತ ವಾಚ್‌ಮನ್‌ಗೆ ಗೊತ್ತಿತ್ತು.

ಇಂಥ ಕೋಣೆಯಲ್ಲಿ ಒಳಗೆ ಕತ್ತಲು, ಕಿಟಕಿಯಲ್ಲಿ ಕಣ್ಣು ಕುಕ್ಕುವ ಬೆಳಕು. ಒಂದೇ ಫೋಟೋದಲ್ಲಿ ಎರಡೂ ಸಿಗುವುದಿಲ್ಲ. ಟ್ರೈಪಾಡ್ ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್/8 ಇಟ್ಟು, ಕ್ಯಾಮೆರಾ ಅಲುಗದಂತೆ ಮೂರು ಫೋಟೋ ತೆಗೆದೆ. ಒಂದು ಸರಿ ಬೆಳಕಿಗೆ, ಒಂದು ಎರಡು ಸ್ಟಾಪ್ ಕಡಿಮೆ, ಇನ್ನೊಂದು ಎರಡು ಸ್ಟಾಪ್ ಜಾಸ್ತಿ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡು ಪಟ್ಟು. ಮನೆಗೆ ಬಂದು ಮೂರನ್ನೂ ಸೇರಿಸಿದೆ. ಕತ್ತಲೆಯನ್ನು ಪೂರ್ತಿ ಅಳಿಸಲಿಲ್ಲ. ರಾತ್ರಿ ಶಾಲೆ ಅಲ್ವಾ, ಸ್ವಲ್ಪ ಕತ್ತಲು ಇರಲೇಬೇಕು.

ಕರಿಹಲಗೆ ಮಾತ್ರ ಕಷ್ಟ ಕೊಟ್ಟಿತು. ಎದುರಿಂದ ನೋಡಿದರೆ ಖಾಲಿ. ಗೆಳೆಯ ಟಾರ್ಚನ್ನು ಹಲಗೆಯ ಪಕ್ಕಕ್ಕೆ, ಗೋಡೆಗೆ ಹತ್ತಿರ ಹಿಡಿದ. ಓರೆ ಬೆಳಕಿನಲ್ಲಿ ಸೀಮೆಸುಣ್ಣದ ಗೀರುಗಳು ಎದ್ದು ಬಂದವು. ಕನ್ನಡ ಅಂಕಿಗಳಲ್ಲಿ 17ರ ಮಗ್ಗಿ! ಮೈ ಜುಮ್ಮೆಂದಿತು. ಹತ್ತು ಸೆಕೆಂಡ್ ಶಟರ್ ತೆರೆದಿಟ್ಟು, ಅಷ್ಟರಲ್ಲಿ ಟಾರ್ಚನ್ನು ಮೇಲಿಂದ ಕೆಳಗೆ ನಿಧಾನ ಸರಿಸಿದೆವು. ಹಲಗೆಯನ್ನು ಒರೆಸಲಿಲ್ಲ, ಬೆಂಚುಗಳನ್ನೂ ನೆಟ್ಟಗೆ ಮಾಡಲಿಲ್ಲ. ಬಿಟ್ಟು ಹೋದವರು ಹೇಗೆ ಬಿಟ್ಟರೋ ಹಾಗೇ ಇರಬೇಕು. ಇದರಲ್ಲಿ ನಾನು ಹಟ ಮಾಡುತ್ತೇನೆ.

ಮೂಲೆಯಲ್ಲಿ ಒಡೆದ ಹೆಂಚು ಬಿದ್ದಿತ್ತು, ಮೇಲೆ ಬಾಸೆಲ್ ಮಿಶನ್ ಮುದ್ರೆ. ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಊರಿನ ಮಣ್ಣಿನ ಸೂರಿನ ಕೆಳಗೇ ನಮ್ಮ ಹುಡುಗರು ಕೂತು ಓದಿದ್ದಾರೆ. ಹೆಂಚಿನ ಫೋಟೋ ತೆಗೆದು ಅದನ್ನು ಅಲ್ಲೇ ಬಿಟ್ಟು ಬಂದೆ.

ಪ್ರಿಂಟ್‌ಗಳನ್ನು ದೊಡ್ಡಪ್ಪನಿಗೆ ಕೊಟ್ಟೆ. ಅವರು ಒಂದೊಂದನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಕೇಳಿದರು:

“ನಲ್ಲಿ ಎಲ್ಲಿ ಮಗಾ? ಅದರದ್ದು ತೆಗೀಲಿಲ್ವಾ?”

“ಯಾವ ನಲ್ಲಿ ದೊಡ್ಡಪ್ಪ?”

“ಮೆಟ್ಟಿಲ ಕೆಳಗಿನದ್ದು. ಹೋಟೆಲಿನ ಎಣ್ಣೆ ಕೈ ಅಲ್ಲಿ ತೊಳೆದೇ ಪುಸ್ತಕ ಮುಟ್ಟುತ್ತಿದ್ದೆವು.”

ಅನುಮತಿ ಪತ್ರದಲ್ಲಿ ಇನ್ನೊಂದು ಭಾನುವಾರ ಉಳಿದಿತ್ತು. ಮತ್ತೆ ಹೋದೆ. ಮಂಡಿಯೂರಿ, ಕ್ಯಾಮೆರಾವನ್ನು ನಲ್ಲಿಯ ಎತ್ತರಕ್ಕೆ ಇಳಿಸಿದೆ. ನಲ್ಲಿ ಒಣಗಿತ್ತು. ಅದರ ಕೆಳಗಿನ ಕಲ್ಲು ನೀರು ಬಿದ್ದು ಬಿದ್ದು ತಟ್ಟೆಯ ಹಾಗೆ ಸವೆದಿತ್ತು.