ಇಂಗ್ಲಿಷಿನಲ್ಲಿ ಕೇಳುವುದು, ಬರೆಯುವುದು, ಯೋಚಿಸುವುದು: ಹೊಸದಾಗಿ ಬಂದ ಕನ್ನಡಿಗರಿಗೆ

ಹತ್ತಾರು ವರ್ಷ ಇಂಗ್ಲಿಷಿನಲ್ಲೇ ಓದಿ, ಕೆಲಸ ಮಾಡಿ ಬಂದವರಿಗೂ ಹೊರದೇಶದ ಮೊದಲ ವಾರಗಳಲ್ಲಿ ಕಿವಿ ಕೈಕೊಡುತ್ತದೆ. ಪದ ಗೊತ್ತಿಲ್ಲ ಅಂತಲ್ಲ. ಗೊತ್ತಿರುವ ಪದದ ಗುರುತೇ ಸಿಗುವುದಿಲ್ಲ.

ಕನ್ನಡದ ಕಿವಿ ಮಾತ್ರೆಗೆ ಪಳಗಿದ್ದು. ಲಘುವಿಗೆ 1, ಗುರುವಿಗೆ 2, ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಕ್ಕೇ ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಮಾತ್ರ ಪೂರ್ತಿ ಕೇಳಿಸುತ್ತದೆ, ಉಳಿದವುಗಳಲ್ಲಿ ಹೆಚ್ಚಿನವು ಸೊರಗಿ 'ಅ'ದಂಥ ಮಂಕು ಸ್ವರವಾಗುತ್ತವೆ. 'ಫೋಟೋಗ್ರಾಫ್' ಪದದ ಒತ್ತು ಮೊದಲಕ್ಷರಕ್ಕೆ. 'ಫೋಟೋಗ್ರಾಫರ್' ಎನ್ನುವಾಗ ಅದು ಎರಡನೆಯದಕ್ಕೆ ಜಾರಿ, ಕಿವಿಗೆ ಬೀಳುವುದು 'ಫಟಾಗ್ರಫರ್'. ಇನ್ನೊಂದು ತೊಡಕು ಪದದ ಕೊನೆಯಲ್ಲಿದೆ. ನಾವು ಬಸ್ಸು, ಕಾರು ಎಂದು ಉಕಾರ ಹಚ್ಚಿ ಪದದ ಗಡಿ ಗಟ್ಟಿ ಮಾಡಿಕೊಳ್ಳುತ್ತೇವೆ. ಅವರು ಕೊನೆಯ ವ್ಯಂಜನವನ್ನು ಮುಂದಿನ ಸ್ವರಕ್ಕೆ ಸೇರಿಸಿಬಿಡುತ್ತಾರೆ: 'ಪಿಕ್ ಇಟ್ ಅಪ್' ಎಂಬುದು 'ಪಿಕಿಟಪ್'. ಇದನ್ನು ಸಂಧಿ ಎಂದುಕೊಂಡು ಕೇಳಿ, ಬಿಡಿಸುವುದು ಸುಲಭವಾಗುತ್ತದೆ.

ಅಭ್ಯಾಸಕ್ಕೆ 1 ನಿಮಿಷದ ಧ್ವನಿಮುದ್ರಣ ಸಾಕು, ಆದರೆ ಅದರ ಬರಹರೂಪವೂ ಕೈಯಲ್ಲಿರಬೇಕು. ಮೊದಲು ಬರಹ ನೋಡದೆ 2 ಸಲ ಕೇಳಿ. ಮೂರನೆಯ ಸಲ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ. ಆಮೇಲೆ ಬರಹದೊಂದಿಗೆ ತಾಳೆ ನೋಡಿ, ತಪ್ಪುಗಳನ್ನು ಎರಡು ಗುಂಪು ಮಾಡಿ: ಗೊತ್ತೇ ಇಲ್ಲದ ಪದ, ಗೊತ್ತಿದ್ದೂ ಕೇಳಿಸದ ಪದ. ಎರಡನೆಯ ಗುಂಪೇ ನಿಮ್ಮ ನಿಜವಾದ ಪಾಠ. ಆ ತುಣುಕುಗಳನ್ನು ಧ್ವನಿಮುದ್ರಣದ ವೇಗದಲ್ಲೇ ಬಾಯಿಬಿಟ್ಟು ಹೇಳಿ. ಬಾಯಿಗೆ ಬಂದ ಸಂಧಿ ಕಿವಿಗೂ ಬರುತ್ತದೆ. ಉಪಶೀರ್ಷಿಕೆ ಹಾಕಿಕೊಂಡು ಗಂಟೆಗಟ್ಟಲೆ ನೋಡುವುದರಿಂದ ಈ ಲಾಭ ಇಷ್ಟಾಗಿ ಸಿಗಲಿಕ್ಕಿಲ್ಲ. ಕಣ್ಣು ಓದುತ್ತಿದ್ದರೆ ಕಿವಿಯ ದುಡಿಮೆ ಕಡಿಮೆಯಾದೀತು.

ಒತ್ತಿನ ವಿಷಯದಲ್ಲಿ ತಕ್ಷಣ ತಿದ್ದಿಕೊಳ್ಳಬೇಕಾದ್ದು 'ಕ್ಯಾನ್'. 'ಐ ಕ್ಯಾನ್ ಕಮ್' ಎನ್ನುವಾಗ ಅವರ ಬಾಯಲ್ಲಿ ಅದು ಬರೀ 'ಕನ್', ಭಾರವೆಲ್ಲ 'ಕಮ್' ಮೇಲೆ. 'ಆಗದು' ಎನ್ನುವ 'ಕಾಂಟ್' (ಅಮೆರಿಕದವರ ಬಾಯಲ್ಲಿ 'ಕ್ಯಾಂಟ್') ಆದರೆ ಭಾರ ಅದರ ಮೇಲೇ ಬೀಳುತ್ತದೆ, ಕೊನೆಯ ಟಕಾರ ಹಲವು ಸಲ ಕೇಳಿಸುವುದೂ ಇಲ್ಲ. ನಾವು 'ಕ್ಯಾನ್' ಅನ್ನು ಗಟ್ಟಿಯಾಗಿ ಒತ್ತಿ ಹೇಳಿದರೆ, ಬರುತ್ತೇನೆ ಅಂದದ್ದು ಬರಲಾಗದು ಎಂದು ತಲುಪೀತು. 13 ಮತ್ತು 30, 15 ಮತ್ತು 50 ಕೂಡ ಹೀಗೇ ಕೈಕೊಡುತ್ತವೆ. ಫೋನಿನಲ್ಲಿ 'ಫಿಫ್ಟೀನ್, ಒನ್ ಫೈವ್' ಎಂದು ಅಂಕಿ ಬಿಡಿಸಿ ಹೇಳಿ, ಅವರು ಹೇಳಿದ್ದನ್ನೂ ಬಿಡಿಸಿ ಒಪ್ಪಿಸಿ. ಲಕ್ಷ, ಕೋಟಿ ಅಲ್ಲಿ ನಡೆಯುವುದಿಲ್ಲ: 10 ಲಕ್ಷಕ್ಕೆ 1 ಮಿಲಿಯನ್, 1 ಕೋಟಿಗೆ 10 ಮಿಲಿಯನ್.

ಎಲ್ಲಕ್ಕಿಂತ ಅಪಾಯದ ಜಾಗ ಹೌದು-ಇಲ್ಲಗಳದ್ದು. 'ನಿಮಗೆ ಯಾವ ಅಲರ್ಜಿಯೂ ಇಲ್ವಾ?' ಎಂದರೆ 'ಹೌದು, ಇಲ್ಲ' ಅನ್ನುತ್ತೇವೆ. ಕೇಳಿದವರ ಮಾತು ಸರಿ ಎನ್ನುವುದಕ್ಕೆ ಆ 'ಹೌದು'. ಇಂಗ್ಲಿಷಿನ 'ಯೆಸ್', 'ನೋ' ವಿಷಯಕ್ಕೆ ಅಂಟಿಕೊಂಡಿವೆ. ಇದೆ ಅಂದರೆ 'ಯೆಸ್', ಇಲ್ಲ ಅಂದರೆ 'ನೋ', ಪ್ರಶ್ನೆ ಹೇಗೇ ಇರಲಿ. ಡಾಕ್ಟರ ಎದುರು ಬರೀ 'ಯೆಸ್' ಎಂದು ಸುಮ್ಮನಾದರೆ ಅಲರ್ಜಿ ಇದೆ ಎಂದೇ ಬರೆದುಕೊಂಡಾರು. ಒಂಟಿ ಪದದಲ್ಲಿ ಉತ್ತರಿಸುವುದನ್ನೇ ಬಿಡಿ. 'ನೋ, ಐ ಡೋಂಟ್ ಹ್ಯಾವ್ ಎನಿ' ಎಂದು ವಾಕ್ಯ ಮುಗಿಸಿ. 'ಡು ಯು ಮೈಂಡ್' ಎಂದು ಶುರುವಾದ ಪ್ರಶ್ನೆಗೆ 'ನೋ' ಎಂದರೆ ಒಪ್ಪಿಗೆ. ಹಾಗೆಯೇ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು ಹೂಂಗುಟ್ಟುವುದು ನಮ್ಮ ಮರ್ಯಾದೆ, ಆದರೆ ಬಾಡಿಗೆ ಕರಾರಿನಂಥ ಮಾತಿನಲ್ಲಿ ಅದನ್ನು ಒಪ್ಪಿಗೆ ಎಂದು ತಿಳಿಯುವವರಿದ್ದಾರೆ. ಅರ್ಥವಾಗದ ಕಡೆ ದಯವಿಟ್ಟು ತಲೆಯಾಡಿಸಬೇಡಿ. 'ಕುಡ್ ಯು ಸೇ ದ ಲಾಸ್ಟ್ ಪಾರ್ಟ್ ಅಗೇನ್?' ಎಂದು ಕೇಳಿ. ಯಾವ ಭಾಗ ತಪ್ಪಿತೆಂದು ಹೇಳಿದರೆ ಅಷ್ಟನ್ನೇ ನಿಧಾನವಾಗಿ ಹೇಳುತ್ತಾರೆ.

ಬರವಣಿಗೆಯಲ್ಲಿ ಎಡವಿಸುವುದು ನಮ್ಮ ಕ್ರಿಯಾಪದ. ಅದು ಕೊನೆಗೆ ಬರುತ್ತದೆ. ಆ ರೂಢಿಯಲ್ಲೇ ಪತ್ರದ ಮುಖ್ಯ ಮಾತೂ ಹಿನ್ನೆಲೆಯೆಲ್ಲ ಹೇಳಿಯಾದ ಮೇಲೆ ಕೊನೆಗೆ ಬೀಳುತ್ತದೆ. ಕೆಲಸದ ಇಮೇಲಿನಲ್ಲಿ ಏನು ಬೇಕು, ಯಾವಾಗ ಬೇಕು ಎಂಬುದು ಮೊದಲ ಎರಡು ಸಾಲಿನಲ್ಲಿರಲಿ, ಕಾರಣ ಆಮೇಲೆ. 'ಹೋಗಿ, ನೋಡಿ, ಕೇಳಿಕೊಂಡು ಬಂದು' ಎಂಬ ಸರಪಳಿಯನ್ನು ಕತ್ತರಿಸಿ, ಒಂದೊಂದು ಕ್ರಿಯೆಗೆ ಒಂದೊಂದು ವಾಕ್ಯ ಮಾಡಿ. 'ಅಂತ' ಕೂಡ ಮೋಸ ಮಾಡುತ್ತದೆ. 'ನಾಳೆ ಬರ್ತೀನಿ ಅಂತ ಮ್ಯಾನೇಜರ್ ಹೇಳಿದರು' ಎಂಬುದನ್ನು 'ಮ್ಯಾನೇಜರ್ ಸೆಡ್ ಐ ವಿಲ್ ಕಮ್' ಎಂದು ಬರೆದರೆ ಬರುವವರು ನೀವೇ ಆಗಿಬಿಡುತ್ತೀರಿ!

'ಅ' ಮತ್ತು 'ದ' ಎಂಬ ಆರ್ಟಿಕಲ್‌ಗಳಿಗಾಗಿಯೇ ಕರಡನ್ನು ಇನ್ನೊಮ್ಮೆ ಓದಿ, ಆ ಸಲ ಬೇರೇನನ್ನೂ ತಿದ್ದಬೇಡಿ. ಎಣಿಸಬಹುದಾದ ಒಂದು ವಸ್ತುವಿನ ಹೆಸರು ಬಂದಾಗ ಓದುವವರು 'ಯಾವುದು?' ಎಂದು ಕೇಳುವಂತಿದ್ದರೆ 'ಅ'. ಅವರಿಗೆ ಆಗಲೇ ಗೊತ್ತಿದ್ದರೆ 'ದ'. ಎಲ್ಲ ಕಡೆಗೂ ಇದು ಸಾಲದು, ಆದರೂ ಬಹುಪಾಲು ತಪ್ಪು ಇಷ್ಟರಲ್ಲೇ ಸಿಗುತ್ತದೆ. ನಮ್ಮಲ್ಲಿ ಸಲೀಸಾಗಿ ಓಡಾಡುವ ಕೆಲವು ಪದಗಳನ್ನೂ ಕೈಬಿಡಿ: 'ಡೌಟ್' ಎಂದರೆ ಅಪನಂಬಿಕೆಯಂತೆ ಕೇಳಿಸುತ್ತದೆ, 'ಕ್ವೆಶ್ಚನ್' ಎನ್ನಿ. ಕಾಲೇಜಿನಿಂದ 'ಪಾಸ್ಡ್ ಔಟ್' ಎಂದರೆ ಅವರ ಕಿವಿಗೆ ಮೂರ್ಛೆ ಹೋದಂತೆ, 'ಗ್ರ್ಯಾಜುಯೇಟೆಡ್' ಎನ್ನಿ.

ಉಚ್ಚಾರದಲ್ಲಿ ಎರಡನ್ನು ತಿದ್ದಿಕೊಂಡರೂ ಸಾಕಷ್ಟಾಯಿತು. ಪದದ ಮೊದಲ ಪ, ಟ, ಕಗಳಿಗೆ ಮಹಾಪ್ರಾಣದಷ್ಟು ಉಸಿರು ಬೇಕು. ಇಲ್ಲದಿದ್ದರೆ 'ಪೇರ್' ಅವರಿಗೆ 'ಬೇರ್' ಎಂದು ಕೇಳಿಸೀತು. ತುಟಿಯ ಮುಂದೆ ತೆಳು ಕಾಗದ ಹಿಡಿದು ಹೇಳಿದರೆ ಅದು ಅಲುಗಬೇಕು. ಇನ್ನು 'ವೆಸ್ಟ್' ಎಂದರೆ ತೋಳಿಲ್ಲದ ಅಂಗಿಯೋ ಪಶ್ಚಿಮವೋ? ಅಂಗಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮಕ್ಕೆ ತುಟಿ ದುಂಡಗಾಗಬೇಕು.

ಇಂಗ್ಲಿಷಿನಲ್ಲೇ ಯೋಚಿಸಿ ಎಂದು ಸಲಹೆ ಕೊಡುವವರು ಬಹಳ ಜನ, ಹೇಗೆಂದು ಹೇಳುವವರು ಕಡಿಮೆ. ತಲೆಯಲ್ಲಿ ಅನುವಾದ ಮಾಡುತ್ತಾ ಕೂತರೆ ಪೂರ್ತಿ ವಾಕ್ಯ ಸಿದ್ಧವಾಗುವವರೆಗೆ ಬಾಯಿ ತೆರೆಯಲಾಗುವುದಿಲ್ಲ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. 'ಐ ನೀಡ್', 'ಐ ಯಾಮ್ ಕಾಲಿಂಗ್ ಅಬೌಟ್', 'ಈಸ್ ಇಟ್ ಓಕೆ ಇಫ್' ಇಂಥ 8-10 ಆರಂಭಗಳನ್ನು ಬಾಯಿಪಾಠ ಮಾಡಿ. ಯಾರು, ಏನು ಎಂಬುದು ಹೊರಬಿದ್ದರೆ ಉಳಿದದ್ದನ್ನು ಹೇಳುತ್ತಲೇ ಜೋಡಿಸಬಹುದು. ಹಸಿವು, ಭಯ, ಇಷ್ಟ, ಜ್ವರ ಎಲ್ಲಕ್ಕೂ ನಮ್ಮಲ್ಲಿ 'ನನಗೆ'. ಅಲ್ಲಿ ನೇರ 'ಐ', ಅದೂ 'ಇಂಗ್' ಇಲ್ಲದೆ: 'ಐ ಹ್ಯಾವ್ ಅ ಫೀವರ್'. ಲೆಕ್ಕ ಮಾತ್ರ ಚಿಕ್ಕಂದಿನಲ್ಲಿ ಅದನ್ನು ಕಲಿತ ಭಾಷೆಯಲ್ಲೇ ನಡೆಯಲಿ, ಉತ್ತರವನ್ನಷ್ಟೇ ಇಂಗ್ಲಿಷಿನಲ್ಲಿ ಹೇಳಿ. ದಿನವಿಡೀ ಎರಡನೆಯ ಭಾಷೆ ಕೇಳಿದ ತಲೆ ಸಂಜೆಗೆ ಸೋತಿರುತ್ತದೆ. ಬ್ಯಾಂಕು, ವಿಮೆ, ಆಸ್ಪತ್ರೆಯ ಫೋನುಗಳನ್ನು ಬೆಳಿಗ್ಗೆಯೇ ಮಾಡಿ, ಕೇಳಬೇಕಾದ 3 ಪ್ರಶ್ನೆಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು.